ಹೂದಾನಿ ಚಾನಲ್

ನಿಪ್ಪಾಣಿಯಲ್ಲಿ ನಮ್ಮದೂ ಒಂದು ಟಿ.ವಿ. ಸ್ಟೇಶನ್ ಇತ್ತು ಅಂದರೆ ಈಗಿನವರು ನಗುತ್ತಾರೆ. ನಗಲಿ. ಸ್ಟೇಶನ್ ಅಂದರೆ ಚರ್ಚಿನ ಹಿಂದಿನ ಒಂದು ಕತ್ತಲೆ ಕೋಣೆ, ಎರಡು ವಿಸಿಆರ್, ಹೆಗಲ ಮೇಲೆ ಹೊರುವಂಥ ಒಂದು ಕ್ಯಾಮರಾ, ಗೋಡೆಯ ತೂತಿನಿಂದ ಹೊರಗೆ ಹೋದ ಒಂದು ಕರಿ ವಾಯರು. ಆ ವಾಯರು ತಂಬಾಕು ತುಂಬಿಡುವ ವಖಾರಿಗಳ ಮಾಳಿಗೆ ಹಾಯ್ದು ಬಸ್ ಸ್ಟ್ಯಾಂಡಿನವರೆಗೆ ಹೋಗಿತ್ತು. ಅದು ಹೋದಷ್ಟು ದೂರ ನಮ್ಮ ಸುವಾರ್ತೆಯೂ ಹೋಗುತ್ತಿತ್ತು, ಸೋ ಟು ಸ್ಪೀಕ್.

ಅದು ಯಾಕೆ ನಿಂತಿತು ಎಂದು ಊರಲ್ಲಿ ಕೇಳಿದರೆ ಡಿಶ್ ಬಂತು, ದೊಡ್ಡ ಚಾನಲ್ಲುಗಳು ಬಂದವು ಎನ್ನುತ್ತಾರೆ. ಅದೂ ಸುಳ್ಳಲ್ಲ. ಆದರೆ ನಮ್ಮದು ಅದಕ್ಕೂ ಮೊದಲೇ ನಿಂತಿತ್ತು. ಒಬ್ಬ ಹೆಣ್ಣುಮಗಳ ನೌಕರಿ ಉಳಿಯಬೇಕಾಗಿತ್ತು. ಉಳಿಯಿತು. ಅದರ ಕಥೆಯೇ ಸ್ಟೇಶನ್ನಿನ ಕಥೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದವಳು. ನನ್ನ ಕನ್ನಡ ಅಲ್ಲಿಯ ಸಿಸ್ಟರ್‌ಗಳ ಕೈಯಲ್ಲಿ ಅರ್ಧ ಇಂಗ್ಲಿಷ್ ಆಯಿತು, ಮದುವೆಯಾಗಿ ನಿಪ್ಪಾಣಿಗೆ ಬಂದ ಮೇಲೆ ಉಳಿದರ್ಧ ಮರಾಠಿ ಆಯಿತು. ನನ್ನ ಗಂಡ ಚರ್ಚಿನ ಹಿಂದಿನ ಮಿಶನ್ ಡಿಸ್ಪೆನ್ಸರಿಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ಡಿಸ್ಪೆನ್ಸರಿ ಮುಚ್ಚಿತು. ಮಶೀನು ಒಯ್ದರು, ಮಂಚ ಒಯ್ದರು, ಡಾರ್ಕ್ ರೂಮು ಮಾತ್ರ ಒಯ್ಯಲಿಕ್ಕೆ ಬರಲಿಲ್ಲ. ಅದು ಕಿಟಕಿಯಿಲ್ಲದ ಕೋಣೆ. ಒಳಗೆ ಹೋದರೆ ಫಿಲ್ಮ್ ತೊಳೆಯುವ ಔಷಧದ ಹುಳಿ ವಾಸನೆ. ಬಾಗಿಲ ಮೇಲೊಂದು ಕೆಂಪು ಬಲ್ಬು. ನಾನು ಒಂದು ಪ್ರೈವೇಟ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅವರು ಮನೆಯ ಪಡಸಾಲೆಯಲ್ಲಿ ಕೂತು ಊರಿನವರ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಯಾರಾದರೂ ಜಗಳಕ್ಕೆ ಬಂದರೂ ಎದುರಿನವರ ಎದೆಗೂಡು ನೋಡುತ್ತಾ ನಿಂತುಬಿಡುವರು, ಎಲ್ಲಿ ಮುರಿದಿದೆ ಎಂದು ಹುಡುಕುವವರ ಹಾಗೆ.

ತೊಂಬತ್ತರ ನಂತರ ಊರಿಗೆ ಕೇಬಲ್ ಬಂತು. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಒಬ್ಬ ಗಟ್ಟಿ ಗಂಟಲಿನ ಮನುಷ್ಯ ಕೇಬಲ್‌ವಾಲಾ ಆದ. ಅವನ ಮಶೀನು ಕೆಟ್ಟಾಗೆಲ್ಲ ನಮ್ಮ ಪಡಸಾಲೆಗೇ ತರುತ್ತಿದ್ದ. ಒಂದು ದಿನ ಚಹಾ ಕುಡಿಯುತ್ತಾ ಅಂದ:

“ಸಾಹೇಬ್ರ, ನನ್ನ ಕಡೆ ಒಂದ ಚಾನಲ್ ಖಾಲಿ ಬಿದ್ದೈತ್ರಿ. ಬರೇ ಇರಿವಿ ಓಡ್ಯಾಡತಾವ. ಸಂಜಿಮುಂದ ಒಂದ ತಾಸು ನಿಮ್ಮ ದೇವರನ್ನರ ಬಿಡ್ರಿ.”

“ನಿನಗ ಏನ್ ಲಾಭ?” ಅಂದೆ ನಾನು.

“ನನ್ನ ವಿಸಿಆರ್ ಸಾಯೂದಿಲ್ಲಲ್ರಿ ಮೇಡಂ. ಡಾಕ್ಟರ್ ಮನ್ಯಾಗಿದ್ದಂಗ ಆಗತೈತಿ.”

ಹಾಗೆ ಶುರುವಾಯಿತು. ಹೊರದೇಶದಿಂದ ಬಂದ ಒಬ್ಬ ಅತಿಥಿ ಸಭೆಗೆ ಬಿಟ್ಟುಹೋಗಿದ್ದ ಕ್ಯಾಮರಾ ಪಾದ್ರಿಯವರ ಕಪಾಟಿನಲ್ಲಿ ಹುಳ ಹಿಡಿಯುತ್ತಾ ಕೂತಿತ್ತು. ನನ್ನ ಗಂಡ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಮುಂದಿನ ಭಾನುವಾರ ಆರಾಧನೆಯನ್ನು ಪೂರ್ತಿ ಚಿತ್ರೀಕರಿಸಿದರು. ಪಾದ್ರಿಯವರ ಪ್ರಸಂಗ, ಹಾಡು, ಬೆಂಚಿನಲ್ಲಿ ಕೂತ ಜನ, ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಣ್ಣುಮಕ್ಕಳು. ಸೋಮವಾರ ಸಂಜೆ ಡಾರ್ಕ್ ರೂಮಿನ ಕೆಂಪು ಬಲ್ಬು ಹತ್ತಿತು, ಅದೇ ನಮ್ಮ ಆನ್-ಏರ್ ಲೈಟು. ನಾನು ನೆರೆಮನೆಯಲ್ಲಿ ಕೂತು ನೋಡಿದೆ. ನನ್ನ ನೀಲಿ ಸೀರೆ ಹಸಿರಾಗಿ ಕಂಡಿತು. ಇಷ್ಟು ವರ್ಷ ಈ ಊರಲ್ಲಿದ್ದೂ ಊರು ನಮ್ಮನ್ನು ನೋಡಿದ್ದು ಅವತ್ತೇ ಅನಿಸಿತು.

ಅದರ ಮುಂದಿನ ಭಾನುವಾರ ಚರ್ಚಿನ ಅರ್ಧ ಬೆಂಚುಗಳು ಖಾಲಿ. ಬಂದವರೂ ಕಂಬದ ಹಿಂದೆ, ಕ್ಯಾಮರಾ ಮುಟ್ಟದ ಮೂಲೆಯಲ್ಲಿ ಗುಂಪಾಗಿ ಕೂತಿದ್ದರು, ಮಳೆಗೆ ನಿಂತ ಕುರಿಗಳ ಹಾಗೆ. ನನ್ನ ಗಂಡನಿಗೆ ತಿಳಿಯಲಿಲ್ಲ. ಸಭೆಯ ಹಿರಿಯರೊಬ್ಬರು ಇದ್ದರು, ಅಂಚೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು, ಬಾಯಿ ಸ್ವಲ್ಪ ಖಾರ. ಅವರೇ ಹೊರಗೆ ಕರೆದು ಹೇಳಿದರು:

“ಎಕ್ಸ್-ರೇ ಸಾಹೇಬ್ರ, ಬೇಕಾದರ ನಮ್ಮ ಎಲುಬು ತೋರಸ್ರಿ. ಮಾರಿ ತೋರಸಬ್ಯಾಡ್ರಿ.”

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಸಭೆಯವರು ಬಹುತೇಕ ಅಜ್ಜ ಮುತ್ತಜ್ಜನ ಕಾಲದಲ್ಲಿ ಊರ ಹೊರಗಿನ ಓಣಿಯಿಂದ ಬಂದು ದೀಕ್ಷಾಸ್ನಾನ ಪಡೆದವರು. ಚರ್ಚಿನೊಳಗೆ ಅವರಿಗೆ ಒಂದು ಹೆಸರು, ಸಾಲೆಯ ರಿಜಿಸ್ಟರಿನಲ್ಲಿ ಹಳೆಯ ಹೆಸರು. ಸರ್ಕಾರದ ಲೆಕ್ಕದಲ್ಲಿ ದೇವರು ಬದಲಾದರೆ ಜಾತಿ ಬಿಟ್ಟುಹೋಗುತ್ತದೆ, ಜಾತಿಯ ಜೊತೆ ಮೀಸಲಿನ ನೌಕರಿಯೂ ಹೋಗುತ್ತದೆ. ಊರಿನ ಲೆಕ್ಕದಲ್ಲಿ ಯಾವ ದೇವರಿಗೆ ಕೈ ಮುಗಿದರೂ ಜಾತಿ ಬಿಡುವುದಿಲ್ಲ. ಬಾವಿಯ ಹತ್ತಿರ, ಹೋಟೆಲಿನಲ್ಲಿ ಬೇರೆ ಇಟ್ಟ ಕಪ್ಪು-ಬಸಿಯ ಹತ್ತಿರ ಅದು ಹಾಗೇ ಇರುತ್ತದೆ. ಎರಡೂ ಕಡೆ ಕಳೆದುಕೊಂಡು ಬದುಕಲಿಕ್ಕೆ ಆಗುವುದಿಲ್ಲ. ಅದಕ್ಕೇ ಜನ ಭಾನುವಾರ ಮಾತ್ರ ಒಂದು ಹೆಸರಿಗೆ ಓಗೊಡುತ್ತಿದ್ದರು. ಇದು ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಬಾಯಿ ಬಿಟ್ಟು ಆಡದ ಮಾತು. ನಾನು ಗೋವೆಯ ಕಡೆಯಿಂದ ಬಂದ ಮನೆತನದವಳು, ನನಗೆ ಇದರ ಬಿಸಿ ತಟ್ಟಿದ್ದಿಲ್ಲ. ನನ್ನ ಗಂಡ ಮಿಶನ್ ಕಂಪೌಂಡಿನಲ್ಲೇ ಹುಟ್ಟಿ ಬೆಳೆದವರು, ಅವರಿಗೂ ಇಲ್ಲ.

ಮುಖ ಇಲ್ಲದೆ ಟಿ.ವಿ. ಹೇಗೆ? ನಾಲ್ಕು ದಿನ ನನ್ನ ಗಂಡ ಉಣ್ಣುವಾಗಲೂ ಅದನ್ನೇ ಯೋಚಿಸುತ್ತಿದ್ದರು. ಆಮೇಲೆ ನನ್ನ ಶೋಕೇಸಿನಿಂದ ಹಿತ್ತಾಳೆಯ ಹೂದಾನಿ ಒಯ್ದರು. ಅದು ಕಾನ್ವೆಂಟಿನಲ್ಲಿ ಎಲೊಕ್ಯೂಶನ್ನಿಗೆ ಸಿಕ್ಕ ಪ್ರೈಜು. ಡಾರ್ಕ್ ರೂಮಿನ ಟೇಬಲ್ ಮೇಲೆ ನಾನು ಹೆಣೆದ ಕ್ರೋಶಾ ಹಾಸಿ, ಹೂದಾನಿ ಇಟ್ಟು, ಹಿತ್ತಲಿನ ಗುಲಾಬಿ, ಸೇವಂತಿ ಸಿಕ್ಕಿಸಿ, ಅದರ ಮೇಲೊಂದು ಟೇಬಲ್ ಲ್ಯಾಂಪಿನ ಬೆಳಕು ಬಿಟ್ಟರು. ಕ್ಯಾಮರಾ ಹೂದಾನಿಯನ್ನೇ ನೋಡುತ್ತಿತ್ತು. ದನಿ ಮಾತ್ರ ಜನರದು. ವಾಕ್ಯ ಓದುವವರ ದನಿ, ಪ್ರಾರ್ಥನೆಯ ದನಿ, ಹಾಡಿನ ದನಿ.

ಊರಿನವರು ಅದಕ್ಕೆ ಹೂದಾನಿ ಚಾನಲ್ ಎಂದು ಹೆಸರಿಟ್ಟರು. ಸಂತೆಯಲ್ಲಿ ಕಾಯಿಪಲ್ಲೆಯವಳು ನನಗೆ ಹೇಳುತ್ತಿದ್ದಳು, “ನಿನ್ನಿ ಹೂವು ಬಾಡಿದ್ವಲ್ರಿ, ಬದಲಾಸಬೇಕಿಲ್ಲೇನು?” ನನಗೆ ಹೆಮ್ಮೆಯಾಗುತ್ತಿತ್ತು. ಅದು ಹೂವಿನ ಬಗ್ಗೆ ಎಂದು ಗೊತ್ತಿದ್ದರೂ.

ಆದರೆ ಜನ ಬೇರೆ ಚಾನಲ್ ಬಿಟ್ಟು ನಮ್ಮಲ್ಲಿ ನಿಂತದ್ದು ಹೂವಿಗಾಗಿ ಅಲ್ಲ, ಒಂದು ದನಿಗಾಗಿ.

ಅವಳು ಸರ್ಕಾರಿ ಸಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವ ಅಕ್ಕೋರು. ಇನ್ನೂ ಚಿಕ್ಕ ಪ್ರಾಯ. ಅಪ್ಪ ಇಲ್ಲ. ತಾಯಿ ಬೀಡಿ ಕಟ್ಟಿ ಓದಿಸಿದ್ದಳು. ಆ ತಾಯಿಯ ಬೆರಳುಗಳು ಬೀಡಿ ಇಲ್ಲದಾಗಲೂ ಎಲೆ ಸುತ್ತುವ ಹಾಗೆಯೇ ಬಾಗಿ ನಿಂತುಬಿಟ್ಟಿದ್ದವು, ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ ಹಿಡಿಯಲಿಕ್ಕೆ ತ್ರಾಸು ಪಡುತ್ತಿದ್ದಳು. ಮಗಳಿಗೆ ಮೀಸಲಿನಲ್ಲಿ ನೌಕರಿ ಸಿಕ್ಕ ದಿನ ಬೀಡಿಯ ಮೊರ ಎತ್ತಿ ಒಲೆಗೆ ಹಾಕಿದಳಂತೆ.

ನಮ್ಮ ಸಭೆಯಲ್ಲಿ ಹಾಡನ್ನು ಎತ್ತಿಕೊಡುವುದು ಅಂತ ಒಂದು ಪದ್ಧತಿ ಇದೆ. ಮದುವೆಯಿರಲಿ, ಮಣ್ಣಿರಲಿ, ಯಾರ ಮನೆಯ ಕಾರ್ಯವೋ ಆ ಮನೆಯ ಹೆಣ್ಣುಮಗಳೇ ಮೊದಲ ಸಾಲು ಎತ್ತಬೇಕು. ಆಮೇಲೆ ಉಳಿದವರು ಹಿಡಿಯುತ್ತಾರೆ. ಅವಳು ಎತ್ತುವವರೆಗೆ ಪಾದ್ರಿಯವರೂ ಬಾಯಿ ತೆರೆಯುವಂತಿಲ್ಲ. ಕಾನ್ವೆಂಟಿನಲ್ಲಿ ಆರ್ಗನ್ನಿನ ಜೊತೆ ಹಾಡಿದ ನನಗೆ ಮೊದಮೊದಲು ಇದು ಪ್ರಾಪರ್ ಅನಿಸಿರಲಿಲ್ಲ. ಅತ್ತೆ ತೀರಿಕೊಂಡಾಗ ಸೊಸೆಯಾದ ನಾನೇ ಎತ್ತಬೇಕಾಗಿ ಬಂತು, ಅವತ್ತು ಅರ್ಥವಾಯಿತು. ಗಂಟಲು ಕಟ್ಟಿದವಳು ಎತ್ತಿದ ಸಾಲನ್ನು ಇಡೀ ಓಣಿ ಬಂದು ಹಿಡಿದುಕೊಳ್ಳುತ್ತದೆ. ಬೀಳಲಿಕ್ಕೆ ಬಿಡುವುದಿಲ್ಲ.

ಈ ತಾಯಿ ಮಗಳದು ಒಂದು ಹಾಡಿತ್ತು, ಪುಸ್ತಕದಲ್ಲಿ ಇಲ್ಲದ್ದು. ಅಜ್ಜಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಧಾಟಿ, ಅದಕ್ಕೆ ಕರ್ತನ ಮಾತು ಹಾಕಿಕೊಂಡಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿ. ಆ ಧಾಟಿ ನಿಪ್ಪಾಣಿಯ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ, ಯಾವ ಜಾತಿಯವರಾದರೂ ಹಿಟ್ಟು ಬೀಸಿದವರೇ ಅಲ್ಲವೇ. ಅವಳು ಹಾಡಿದಾಗ ಅದು ಬೇರೆಯದೇ ಆಗುತ್ತಿತ್ತು. ಎತ್ತರದ ದನಿಯಲ್ಲ, ತೆಳುವೂ ಅಲ್ಲ, ಕೊನೆಗೆ ಸ್ವಲ್ಪ ಒರಟಾಗಿ ಮುರಿಯುವ ದನಿ. ನಮ್ಮ ಮದರ್ ಸುಪೀರಿಯರ್ ಕೇಳಿದ್ದರೆ ವಾಯ್ಸ್ ಟ್ರೇನಿಂಗ್ ಇಲ್ಲ ಅನ್ನುತ್ತಿದ್ದರು. ಅನ್ನಲಿ.

ಹಾಡಲು ಕರೆದಾಗ ಅವಳು ಮೊದಲು ಹೆದರಿದಳು. ಡಾರ್ಕ್ ರೂಮಿನೊಳಗೆ ಬಂದು, ಕ್ಯಾಮರಾ ಹೂವಿನ ಕಡೆಗೇ ತಿರುಗಿದ್ದು ಕಣ್ಣಾರೆ ನೋಡಿ, ಮೂಲೆಯ ಸ್ಟೂಲಿನ ಮೇಲೆ ಕೂತಳು.

“ಇಲ್ಲಿ ಯಾರೂ ನನ್ನ ನೋಡೂದಿಲ್ಲ,” ಅಂದಳು. “ಚೊಲೊ ಅನಸ್ತೈತ್ರಿ ಟೀಚರ್. ಸಾಲ್ಯಾಗ ನೋಡತಾರ, ಚರ್ಚಿನ್ಯಾಗ ನೋಡತಾರ. ನೋಡಿದಾಗೆಲ್ಲ ಯಾವ ಹೆಸರಿಗೆ ನೋಡಾಕತ್ತಾರ ಅಂತ ವಿಚಾರ ಮಾಡಬೇಕಾಗತೈತಿ.”

ಒಂದು ಸಂಜೆ ಅವಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿದ್ದೆ. ಅಲ್ಲಿಯ ಚಹಾದಂಗಡಿಯಲ್ಲಿ ಒಂದು ಟಿ.ವಿ. ಇತ್ತು. ಹಿಂದಿನ ವಾರ ರೆಕಾರ್ಡ್ ಮಾಡಿದ ಅವಳ ಹಾಡು ಬರುತ್ತಿತ್ತು. ಕಾಗವಾಡದ ಕಡೆಯ ಇಬ್ಬರು ರೈತರು, ಧೋತರದವರು, ಕಬ್ಬಿನ ಬಾಕಿ ಬಿಲ್ಲಿನ ವಿಷಯಕ್ಕೆ ಜಗಳಾಡುತ್ತಿದ್ದವರು, ಮಾತು ನಿಲ್ಲಿಸಿ ಹೂದಾನಿ ನೋಡುತ್ತಾ ಕೂತುಬಿಟ್ಟಿದ್ದರು.

“ಯಾರ್ ಹಾಡಾಕತ್ತಾರಲೇ?” ಅಂದ ಒಬ್ಬ.

“ಯಾರರ ಇರವಲ್ಲರ್ಯಾಕ. ನಮ್ಮವ್ವ ಎದ್ದ ಬಂದಂಗಾತು ನೋಡು,” ಅಂದ ಇನ್ನೊಬ್ಬ.

ಅವಳು ಅಲ್ಲೇ ನಿಂತಿದ್ದಳು, ಅವರಿಂದ ಒಂದು ಮೊಳ ದೂರ, ಕೈಚೀಲ ಎದೆಗೆ ಒತ್ತಿಕೊಂಡು. ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ನನ್ನ ಕೈ ಹಿಡಿದು ಒಮ್ಮೆ ಒತ್ತಿದಳು. ಅವಳು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಖ ಮುಚ್ಚಲಿಕ್ಕೆ ನಾವು ಎಷ್ಟು ಕಷ್ಟಪಟ್ಟೆವು. ಅವಳ ನೆರಳು ಗೋಡೆಯ ಮೇಲೆ ಬೀಳದ ಹಾಗೆ ದೀಪ ಸರಿಸಿದೆವು. ಅವಳು ಹಿಂದಿನ ಬಾಗಿಲಿನಿಂದ ಬಂದು ಹೋಗಬೇಕು, ಹೆಸರು ಹೇಳಬಾರದು ಎಂದು ನಿಯಮ ಮಾಡಿದೆವು. ಅಷ್ಟು ಜನ ಕೂತು ಮಾಡಿದ ನಿಯಮದಲ್ಲಿ, ಅವಳು ಇಡೀ ದಿನ ಮಕ್ಕಳ ಮುಂದೆ ಹಾಡುವವಳು ಎಂಬುದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಒಂದನೇ ಇಯತ್ತೆಯಲ್ಲಿ ಅವಳು ಅಕ್ಷರ, ಮಗ್ಗಿ, ವಾರದ ಹೆಸರು ಎಲ್ಲವನ್ನೂ ಹಾಡಿಯೇ ಕಲಿಸುತ್ತಿದ್ದಳು. ಅದೇ ಬೀಸುಕಲ್ಲಿನ ಧಾಟಿಯಲ್ಲಿ.

ಮುಖ ಯಾಕೆ ಬೇಕು ಆ ಮಕ್ಕಳಿಗೆ?

“ಅಕ್ಕೋರ, ನಿನ್ನಿ ನೀವು ಹೂವಿನೊಳಗ ಕುಂತು ಹಾಡಾಕತ್ತಿದ್ರಿ,” ಅಂದಳಂತೆ ಒಬ್ಬ ಹುಡುಗಿ, ಮುಂಜಾನೆ ಪ್ರಾರ್ಥನೆ ಮುಗಿದ ಕೂಡಲೇ, ಎಲ್ಲ ಮಾಸ್ತರರ ಮುಂದೆ.

“ನಾ ಅಲ್ಲವ್ವಾ ಅದು.”

“ನೀವ ರೀ. ನಮ್ಮವ್ವಗೂ ತೋರಸೀನಿ. ಇವರ ನಮ್ಮ ಅಕ್ಕೋರು ಅಂತ.”

ಆ ಕೂಸಿಗೆ ಎಂಥ ಅಭಿಮಾನ ನೋಡಿ. ಒಂದು ವಾರದಲ್ಲಿ ಇಡೀ ಸಾಲೆಗೆ ಗೊತ್ತಾಯಿತು. ಮಕ್ಕಳು ಮನೆಗೆ ಹೋಗಿ ಟಿ.ವಿ. ಮುಂದೆ ಕೈಮುಗಿದು ‘ನಮಸ್ತೆ ಅಕ್ಕೋರ’ ಅನ್ನುತ್ತಿದ್ದರಂತೆ, ಹೂದಾನಿಗೆ. ಅಷ್ಟರಲ್ಲಿ ಮೇಲಿನ ಕಚೇರಿಗೆ ಒಂದು ಅರ್ಜಿ ಹೋಗಿತ್ತು. ಈಕೆ ಕ್ರಿಶ್ಚನ್ನಳು, ಮೀಸಲಿನ ನೌಕರಿ ಹೇಗೆ ಮಾಡುತ್ತಾಳೆ ಎಂದು. ಸಹಿ ಇಲ್ಲ. ಯಾರು ಬರೆದರೆಂದು ಕೊನೆಗೂ ಗೊತ್ತಾಗಲಿಲ್ಲ.

ನಮ್ಮ ಪಡಸಾಲೆಯಲ್ಲಿ, ಬಿಚ್ಚಿಟ್ಟ ರೇಡಿಯೋಗಳ ನಡುವೆ, ಮೀಟಿಂಗ್ ಕೂಡಿತು. ಪಾದ್ರಿಯವರು, ಅಂಚೆಯ ಹಿರಿಯರು, ತಾಯಿ, ನಾವು ಇಬ್ಬರು. ಅವಳನ್ನು ಕರೆಯಲಿಲ್ಲ, ನಮ್ಮ ಬಾಗಿಲಲ್ಲಿ ಕಾಣಿಸಿಕೊಳ್ಳುವುದೇ ಅಪಾಯವಾಗಿತ್ತು. ಮೇಲಿನ ಕಚೇರಿಯಿಂದ ವಿಚಾರಣೆಗೆ ಒಬ್ಬ ಸಾಹೇಬರು ಬರುವವರಿದ್ದರು.

ಪಾದ್ರಿಯವರು, “ಖರೇ ಹೇಳೂಣು. ದೇವರು ದಾರಿ ತೋರಸ್ತಾನ,” ಅಂದರು.

“ದೇವರು ತೋರಸೂತನಕ ಅಕಿ ಏನ್ ತಿನ್ನಬೇಕ್ರಿ ಅಯ್ಯಾನವರ?” ಅಂದರು ಅಂಚೆಯವರು. “ನಿಮ್ಮ ಪಗಾರ ಚರ್ಚ್ ಕೊಡತೈತಿ. ಅಕಿ ಪಗಾರ ಸರ್ಕಾರ ಕೊಡತೈತಿ.”

ತಾಯಿ ಗೋಡೆಗೆ ಆತು ಕೂತಿದ್ದಳು. ಎರಡೂ ಕೈ ಮುಂದೆ ಚಾಚಿ ಬೆರಳು ತೋರಿಸಿದಳು. “ಈ ಕೈಲೆ ಇನ್ನೊಮ್ಮೆ ಬೀಡಿ ಕಟ್ಟಾಕ ಬರೂದಿಲ್ಲರಿ,” ಅಂದಳು. ಅಷ್ಟೇ ಅಂದಳು.

“ದನಿ ಮತ್ಯಾರದರ ಅಂದ್ರ ಮುಗೀತು,” ಅಂದರು ಅಂಚೆಯವರು. “ಮಾರಿ ಅಂತೂ ಇಲ್ಲ. ಯಾರ ಹಾಡಿದ್ರ ಯಾರಿಗೆ ಗೊತ್ತು?” ಎಂದು ಹೇಳುತ್ತಾ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಸಭೆಯಲ್ಲಿ ಸರ್ಕಾರಿ ನೌಕರಿ ಇಲ್ಲದ, ರಿಜಿಸ್ಟರಿನಲ್ಲೂ ಕ್ರಿಶ್ಚನ್ ಎಂದೇ ಇರುವ, ಹಾಡಬಲ್ಲ ಹೆಂಗಸು ನಾನೊಬ್ಬಳೇ.

“ಮೇಡಮ್ಮಾರು ಕಾನ್ವೆಂಟಿನ್ಯಾಗ ಹಾಡಿದವರು,” ಅಂದರು ಅಂಚೆಯವರು.

“ಇಂಗ್ಲಿಷಿನಾಗ,” ಅಂದೆ ನಾನು.

ನನ್ನ ಗಂಡ ನಕ್ಕರು. ಆ ವಿಷಯದಲ್ಲಿ ಅವರು ನಕ್ಕಿದ್ದು ಅದೇ ಮೊದಲು, ಅದೇ ಕೊನೆ.

ಸಾಹೇಬರು ಧಾರವಾಡದ ಕಡೆಯವರು, ಮನೆ ಮಾಡಿದ್ದು ನಿಪ್ಪಾಣಿಯಲ್ಲೇ. ನಯವಾದ ಮಾತು, ಇಸ್ತ್ರಿ ಮಾಡಿದ ಸಫಾರಿ. ಡಾರ್ಕ್ ರೂಮು ನೋಡಿದರು, ಹೂದಾನಿ ನೋಡಿದರು, ಕೆಂಪು ಬಲ್ಬು ನೋಡಿದರು. ಪಡಸಾಲೆಗೆ ಬಂದು ಕೂತು ಬಿಸ್ಕೀಟು ಚಹಾದಲ್ಲಿ ಅದ್ದುತ್ತಾ ಕೇಳಿದರು:

“ಹಾಡೋರು ಯಾರ್ರಿ?”

“ನಾನ್ರಿ,” ಅಂದೆ.

“ಒಂದ ನುಡಿ ಹಾಡ್ರಲಾ.”

ಹಾಡಿದೆ. ಎಷ್ಟೋ ಸಲ ಡಾರ್ಕ್ ರೂಮಿನಲ್ಲಿ ಅವಳ ಪಕ್ಕ ಕೂತು ಕೇಳಿದ ಹಾಡು, ಪದವೆಲ್ಲ ಬಾಯಿಗೆ ಬರುತ್ತಿದ್ದವು. ಆದರೆ ನನ್ನ ಗಂಟಲು ಪ್ರತಿ ಸ್ವರವನ್ನೂ ಸ್ವಚ್ಛ ತೊಳೆದು ಒರೆಸಿ ಹೊರಗೆ ಇಡುತ್ತಿತ್ತು, ಸಿಸ್ಟರ್ ಕಲಿಸಿದ ಹಾಗೆ. ಬೀಸುಕಲ್ಲು ತಿರುಗಲೇ ಇಲ್ಲ. ನುಡಿ ಮುಗಿಯುವುದರೊಳಗೆ ಸಾಹೇಬರ ಬಿಸ್ಕೀಟು ಚಹಾದಲ್ಲಿ ಕಳಚಿ ಬಿದ್ದಿತ್ತು.

“ನಮ್ಮ ಮನಿಯವರು ದಿನಾ ಸಂಜಿಮುಂದ ರೊಟ್ಟಿ ಬಡಿವಾಗ ಇದನ್ನ ಹಚ್ಚತಾರ್ರಿ,” ಅಂದರು ಸಾಹೇಬರು. “ನಾವೂ ಕೇಳೀವಿ.” ಬಸಿ ಕೆಳಗಿಟ್ಟು, “ಇವತ್ತ ನಿಮಗ ಗಂಟಲ ಕೆಟ್ಟೈತೇನೋ,” ಅಂದರು.

“ಹೌದ್ರಿ. ಥಂಡಿ ಆಗೈತಿ.”

“ಆತು. ನಿಮ್ಮ ದನಿ ಅಂತ ಬರಕೊಂತೀನಿ. ಆದರ ಬಾಯೋರ, ಇನ್ನ ಮುಂದ ಆ ಚಾನಲ್ಲಿನ್ಯಾಗ ಈಗ ಕೇಳಿದ ದನೀನ ಬರಬೇಕು. ಹಳೇ ದನಿ ಒಂದ ದಿನ ಬಂದರೂ ನಾ ಬರದ ಕಾಗದಕ್ಕ ಅರ್ಥ ಇಲ್ಲ. ಮತ್ತ ಆ ಅಕ್ಕೋರು ನಿಮ್ಮ ಕಂಪೌಂಡಿನ್ಯಾಗ ಕಾಣಬಾರದು. ಮದಿವಿ ಇರಲಿ, ಮಣ್ಣಿರಲಿ. ನೋಡೋರು ಭಾಳ ಮಂದಿ ಅದಾರ.”

ಒಳ್ಳೆಯ ಮನುಷ್ಯ. ಈಗಲೂ ಹಾಗೇ ಅನ್ನುತ್ತೇನೆ. ಅವರು ಕೆಟ್ಟವರಾಗಿದ್ದರೆ ಬಯ್ಯಲಿಕ್ಕಾದರೂ ಒಬ್ಬರು ಇರುತ್ತಿದ್ದರು.

ಅವರು ಹೋದ ಮೇಲೆ ನನ್ನ ಗಂಡ ಟೇಪುಗಳನ್ನು ತೆಗೆದರು. ಅವಳ ದನಿ ಇದ್ದ ಒಂದೊಂದು ಟೇಪನ್ನೂ ವಿಸಿಆರಿಗೆ ಹಾಕಿ, ದೂರದರ್ಶನದಲ್ಲಿ ಆ ಹೊತ್ತಿಗೆ ಏನು ಬರುತ್ತಿತ್ತೋ ಅದನ್ನು ಮೇಲೆ ರೆಕಾರ್ಡ್ ಮಾಡಿದರು. ವಾರ್ತೆ, ಕ್ರಿಕೆಟ್, ದನಗಳ ಕಾಲುಬಾಯಿ ಬೇನೆ. ಹಾಗೆ ಮಾಡುವಾಗ ಹಳೆಯದು ಕೇಳಿಸುವುದಿಲ್ಲ, ಸುಮ್ಮನೆ ಹೊಸದರ ಕೆಳಗೆ ಹೋಗಿಬಿಡುತ್ತದೆ. “ಒಂದಾದರೂ ಇಟ್ಟುಕೊಳ್ಳೋಣ, ಪ್ಲೀಸ್,” ಅಂದೆ. “ಒಂದಿದ್ರ ಸಾಕು ಅಕಿ ನೌಕರಿ ಹೋಗಾಕ,” ಅಂದರು. ಅವರು ಅಂದದ್ದು ಸರಿ.

ಆಮೇಲೆ ನಾನು ಹಾಡಿದೆ. ಒಮ್ಮೆ ನನ್ನ ದನಿ ಎಂದು ಹೇಳಿದ ಮೇಲೆ ಹಾಡಲೇಬೇಕಿತ್ತು. ದಿನಾ ಸಂಜೆ, ಅದೇ ಸ್ಟೂಲಿನ ಮೇಲೆ, ಅದೇ ಹೂದಾನಿಯ ಹಿಂದೆ. ಬಿಸಿನೀರು ಕುಡಿದೆ, ಜೇಷ್ಠಮಧು ಅಗಿದೆ. ದನಿ ಒರಟಾಗಲಿ ಎಂದು ಬೇಕೆಂದೇ ಗಂಟಲು ಬಿಗಿದೆ, ಕೆಮ್ಮು ಬಂತು. ಸಂತೆಯಲ್ಲಿ ಕಾಯಿಪಲ್ಲೆಯವಳು ಈಗ ಹೂವಿನ ಮಾತು ಎತ್ತಲಿಲ್ಲ. “ನಿಮ್ಮದು ಭಾಳ ಇಂಗ್ಲಿಷ್ ದನಿ ಐತ್ರಿ,” ಅಂದಳು, ಮನಸ್ಸಿಗೆ ಹತ್ತದ ಹಾಗೆ ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿ. ಕೇಬಲ್‌ವಾಲಾ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

“ಮೇಡಂ, ಸಿಟ್ಟಾಗಬ್ಯಾಡ್ರಿ. ಮಂದಿ ಕೇಳಾಕತ್ತಾರ, ಹೂದಾನಿಗೆ ಏನಾತು ಅಂತ.”

“ಏನಂತ ಹೇಳಿದಿ?”

“ಹೂದಾನಿಗೆ ವಯಸ್ಸಾತು ಅಂದ್ನಿರಿ.”

ಅವನ ಮಾತಿಗೆ ನಾನೂ ನಕ್ಕೆ. ಬೇರೇನು ಮಾಡುವುದು. ಸ್ವಲ್ಪ ದಿನಕ್ಕೆ ಒಂದು ತಾಸು ಅರ್ಧ ತಾಸಾಯಿತು. ಆಮೇಲೆ ಒಂದು ಸಂಜೆ, ನನ್ನ ಗಂಡ ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬು ಹಚ್ಚಿ ನಾನು ಮೊದಲೇ ಹಾಡಿಟ್ಟ ಟೇಪು ಓಡಿಸುತ್ತಿದ್ದಾಗ, ನಾನು ನೆರೆಮನೆಗೆ ಮೊಸರಿನ ಹೆಪ್ಪು ಕೇಳಲಿಕ್ಕೆ ಹೋದೆ. ಅವರ ಟಿ.ವಿ.ಯಲ್ಲಿ ನಮ್ಮ ಚಾನಲ್ಲಿನ ಜಾಗದಲ್ಲಿ ಸಿನಿಮಾ ಹಾಡು ಕುಣಿಯುತ್ತಿತ್ತು. “ಯಾವಾಗಿಂದ?” ಎಂದು ಕೇಳಿದೆ. “ಭಾಳ ದಿನಾ ಆತಲ್ರಿ, ನಿಮಗ ಗೊತ್ತಿಲ್ಲೇನು?” ಅಂದಳು ನೆರೆಮನೆಯವಳು. ಕೇಬಲ್‌ವಾಲಾ ಹೇಳಲಿಕ್ಕೆ ನಾಚಿ ವಾಯರನ್ನು ಸುಮ್ಮನೆ ಕಡಿದುಬಿಟ್ಟಿದ್ದ. ಅಷ್ಟು ದಿನ ನಾವು ಆ ಕತ್ತಲೆ ಕೋಣೆಯಿಂದ ಕತ್ತರಿಸಿದ ವಾಯರಿನ ತುದಿಯವರೆಗೆ ಮಾತ್ರ ಹಾಡುತ್ತಿದ್ದೆವು.

ಮನೆಗೆ ಬಂದೆ. “ಇವತ್ತ ಹೆಂಗ ಬಂತು?” ಎಂದು ಕೇಳಿದರು, ನಾನು ನೆರೆಮನೆಯಿಂದ ಬಂದದ್ದು ನೋಡಿ.

“ಕ್ಲಿಯರ್ ಬಂತು,” ಅಂದೆ.

ಅವರು ನನ್ನ ಮುಖ ನೋಡಲಿಲ್ಲ, ಎದೆಯ ಕಡೆ ನೋಡಿದರು. ಮರುದಿನದಿಂದ ಕೆಂಪು ಬಲ್ಬು ಹಚ್ಚಲಿಲ್ಲ. ನಮ್ಮ ಸ್ಟೇಶನ್ ಮುಚ್ಚಿದ್ದು ಹಾಗೆ, ಒಂದು ಮಾತೂ ಇಲ್ಲದೆ.

ನೌಕರಿ ಉಳಿಯಿತು ಎಂದೆನಲ್ಲ. ಉಳಿಯಿತು. ತಿಂಗಳಿಗೆ ಸರಿಯಾಗಿ ಪಗಾರ, ತಾಯಿಗೆ ಔಷಧ, ಓಣಿಯಲ್ಲಿ ಒಂದು ಪಕ್ಕಾ ಗೋಡೆಯ ಮನೆ. ಅವಳು ಬಜಾರದಲ್ಲಿ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ನಾನೇ ಹಾಗೆ ಮಾಡು ಎಂದು ಹೇಳಿ ಕಳಿಸಿದ್ದೆ. ಆದರೂ ಅವಳು ದಾಟುವಾಗ ಪ್ರತಿಸಲ ನನ್ನ ಕಾಲು ಒಂದು ಕ್ಷಣ ನಿಲ್ಲುತ್ತಿತ್ತು. ಒಮ್ಮೆ ಅದೇ ಹುಡುಗಿ, ಹೂವಿನೊಳಗೆ ಅಕ್ಕೋರನ್ನು ಗುರುತು ಹಿಡಿದವಳು, ನಮ್ಮ ಬಾಗಿಲಿಗೆ ಅಪ್ಪನ ರೇಡಿಯೋ ಒಯ್ಯಲಿಕ್ಕೆ ಬಂದಿದ್ದಳು. “ನಿಮ್ಮ ಅಕ್ಕೋರು ಈಗ ಯಾವ ಹಾಡು ಕಲಿಸ್ಯಾರ?” ಎಂದು ಕೇಳಿದೆ.

“ಹಾಡೂದಿಲ್ಲರಿ ಈಗ. ಬರೇ ಓದಸ್ತಾರ. ಮಗ್ಗಿ ಸುದ್ದಾ ಓದಸ್ತಾರ.” ಆಮೇಲೆ ದನಿ ತಗ್ಗಿಸಿ, “ನಾ ಏನೋ ಅಂದೆ ಅಂತ ಸಿಟ್ಟ ಅದಾರ್ರಿ,” ಅಂದಳು.

ಇಲ್ಲವ್ವಾ, ನಿನ್ನ ಮೇಲೆ ಸಿಟ್ಟಿಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ.

ಕೆಲವು ವರ್ಷದ ಮೇಲೆ ತಾಯಿ ತೀರಿಕೊಂಡಳು. ಬದುಕಿದ್ದಾಗಲೇ ನನ್ನ ಗಂಡನಿಗೆ ಹೇಳಿಟ್ಟಿದ್ದಳು, “ನನ್ನ ನಮ್ಮ ಚರ್ಚಿನ ಮಣ್ಣಾಗ ಇಡ್ರಿ. ಮಗಳು ಬರಾಕಿಲ್ಲ, ಗೊತ್ತೈತಿ. ನೀವ ಇಡ್ರಿ.” ಹಾಗಾಗಿ ಸಭೆಯೇ ಒಯ್ದಿತು, ಯಾರೂ ಇಲ್ಲದ ಪರದೇಶಿಯನ್ನು ಒಯ್ಯುವ ಹಾಗೆ. ನಮ್ಮ ಸ್ಮಶಾನ ರಸ್ತೆಗೆ ಹತ್ತಿ ಇದೆ, ಎದೆಮಟ್ಟದ ಗೋಡೆ. ಮುಂಜಾನೆ ಸಾಲೆಗೆ ಹೋಗುವ ಹೊತ್ತು. ಗೋಡೆಯ ಆಚೆ ರಸ್ತೆಯಲ್ಲಿ ಅವಳು ನಿಂತಿದ್ದಳು, ಕೈಚೀಲ ಹಿಡಿದು, ಬಸ್ಸು ಕಾಯುವವಳ ಹಾಗೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ.

ಪೆಟ್ಟಿಗೆ ಇಳಿಸಿದರು. ಪಾದ್ರಿಯವರು ವಾಕ್ಯ ಓದಿ ಮುಗಿಸಿ ಕಾದರು. ಎಲ್ಲರೂ ಕಾದರು. ಮನೆಯ ಹೆಣ್ಣುಮಗಳು ಎತ್ತಬೇಕು. ಆ ಮನೆಯಲ್ಲಿ ಇದ್ದದ್ದು ಒಬ್ಬಳೇ ಹೆಣ್ಣುಮಗಳು. ಯಾರೂ ಗೋಡೆಯ ಕಡೆ ನೋಡಲಿಲ್ಲ, ನೋಡಿದರೆ ತೋರಿಸಿದ ಹಾಗಾಗುತ್ತದೆ ಎಂದು. ಎಲ್ಲರೂ ಕಾಲ ಬುಡದ ಮಣ್ಣು ನೋಡುತ್ತಾ ನಿಂತಿದ್ದರು. ಗುದ್ದಲಿಯವನು ಮುಖ ಒರೆಸಿಕೊಂಡ. ಅಂಚೆಯ ಹಿರಿಯರು ನನ್ನ ಮೊಣಕೈ ಮುಟ್ಟಿದರು. “ಎತ್ರಿ ಮೇಡಂ. ಕಾಗದದ ಪ್ರಕಾರ ದನಿ ನಿಮ್ಮದ ಐತಿ,” ಅಂದರು ಮೆಲ್ಲಗೆ. ಚುಚ್ಚಿ ಹೇಳಲಿಲ್ಲ, ಬೇರೆ ದಾರಿ ಕಾಣದೆ ಹೇಳಿದರು.

ಎತ್ತಿದೆ. ಅವರದೇ ಹಾಡು, ಬೀಸುಕಲ್ಲಿನ ಧಾಟಿ. ಮೊದಲ ಸಾಲಿಗೇ ಶ್ರುತಿ ಬಹಳ ಮೇಲೆ ಹೋಯಿತು. ಓಣಿಯ ಹೆಂಗಸರು ಹಿಡಿಯಲು ನೋಡಿದರು, ಒಂದು ಸಾಲು ಬಂದರು, ಎರಡನೆಯದರಲ್ಲಿ ದನಿ ಸಿಗದೆ ಒಬ್ಬೊಬ್ಬರಾಗಿ ನಿಂತರು. ನಾನೊಬ್ಬಳೇ ಉಳಿದೆ, ಸ್ವಚ್ಛವಾಗಿ, ಸ್ಪಷ್ಟವಾಗಿ, ಪ್ರೈಜು ತೆಗೆದುಕೊಳ್ಳುವವಳ ಹಾಗೆ. ಮೂರನೆಯ ಸಾಲಿನ ಹೊತ್ತಿಗೆ ನಾನೂ ಬಿಟ್ಟೆ. ಮಣ್ಣು ಬೀಳುವ ಸಪ್ಪಳವೊಂದೇ ಉಳಿಯಿತು. ನಮ್ಮ ಸಭೆಯಲ್ಲಿ ಹಾಡಿಲ್ಲದೆ ಯಾರನ್ನಾದರೂ ಇಟ್ಟದ್ದು ನಾನು ಕಂಡಿದ್ದಿಲ್ಲ.

ತಲೆ ಎತ್ತಿ ನೋಡಿದೆ. ಅವಳ ತುಟಿ ಬಿಗಿದಿತ್ತು, ಗಂಟಲು ಮಾತ್ರ ಒಳಗೊಳಗೇ ಏರಿ ಇಳಿಯುತ್ತಿತ್ತು. ಸಾಲೆಯ ಗಂಟೆಯ ಹೊತ್ತಾಯಿತೇನೋ. ಕೈಚೀಲ ಇನ್ನೊಂದು ಕೈಗೆ ಬದಲಿಸಿ ನಡೆದು ಹೋದಳು.

ಈಗ ನನ್ನ ಗಂಡನೂ ಇಲ್ಲ. ಅವಳಿಗೆ ರಿಟೈರ್ ಆಗುವ ವಯಸ್ಸಾಗಿರಬೇಕು, ಎಲ್ಲಿದ್ದಾಳೋ ಗೊತ್ತಿಲ್ಲ. ರಾಯಬಾಗದ ಕಡೆಗೆ ವರ್ಗವಾಯಿತು ಎಂದು ಕೇಳಿದ್ದೆ. ಡಾರ್ಕ್ ರೂಮಿನಲ್ಲಿ ಈಗ ಮದುವೆಯ ಕುರ್ಚಿಗಳನ್ನು ಒಟ್ಟುತ್ತಾರೆ. ಹೋದ ವರ್ಷ ಟ್ರಂಕಿನ ತಳದಲ್ಲಿ ಒಂದು ಟೇಪು ಸಿಕ್ಕಿತು, ಮೇಲೆ ನನ್ನ ಗಂಡನ ಅಕ್ಷರದಲ್ಲಿ ‘ಹಾಡು’ ಎಂದಷ್ಟೇ ಇತ್ತು. ವಿಸಿಆರ್ ಇದ್ದವರನ್ನು ಹುಡುಕಿಸಿ, ಒಬ್ಬ ಹಳೆಯ ಫೋಟೋ ಸ್ಟುಡಿಯೋದವನ ಹತ್ತಿರ ಕೂತು ಹಾಕಿಸಿದೆ. ಪರದೆಯ ಮೇಲೆ ಒಬ್ಬ ದನದ ಡಾಕ್ಟರು ಎಮ್ಮೆಯ ಗೊರಸು ಎತ್ತಿ ತೋರಿಸುತ್ತಿದ್ದ. ಆಮೇಲೆ ವಾರ್ತೆ. ಆಮೇಲೆ ಮಳೆಯಿಂದ ನಿಂತುಹೋದ ಯಾವುದೋ ಮ್ಯಾಚು, ಖಾಲಿ ಮೈದಾನ.

“ಫಾಸ್ಟ್ ಮಾಡ್ಲೇನ್ರಿ ಅಜ್ಜಿ?” ಎಂದು ಕೇಳಿದ ಸ್ಟುಡಿಯೋದವನು.

“ಬ್ಯಾಡ,” ಅಂದೆ.

ಅಂಚಿನಲ್ಲಿ ಎಲ್ಲಾದರೂ, ಒಂದು ಪ್ರೋಗ್ರಾಮಿಗೂ ಇನ್ನೊಂದಕ್ಕೂ ನಡುವೆ, ಒಂದು ಉಸಿರಿನಷ್ಟಾದರೂ ಉಳಿದಿರಬಹುದೆಂದು ಪೂರ್ತಿ ನೋಡಿದೆ. ಏನೂ ಇರಲಿಲ್ಲ. ಅವರು ಕೈ ಹಾಕಿದ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ.